ದಾಕ್ಷಾಯಣಿಯ ತಲೆಯ ಫೋಟೋ

ನಾನು ಒಂದು ಫಿಲ್ಮ್. ಸಿನಿಮಾದ್ದಲ್ಲ. ಹದಿನಾಲ್ಕು ಇಂಚು ಅಗಲ, ಹದಿನೇಳು ಇಂಚು ಉದ್ದದ, ತುಸು ನೀಲಿ ಬಣ್ಣದ ಪ್ಲಾಸ್ಟಿಕ್ ಹಾಳೆ. ದೊಡ್ಡಾಸ್ಪತ್ರೆಯಿಂದ ಬರುವವರು ಕಂಕುಳಲ್ಲಿ ಒಂದು ಅಗಲವಾದ ಕವರು ಇಟ್ಟುಕೊಂಡಿರುತ್ತಾರಲ್ಲ, ಬಸ್ಸಿನಲ್ಲಿ ಅದನ್ನು ಮಡಚುವಂತಿಲ್ಲ, ಸೀಟಿನ ಮೇಲೆ ಇಡುವಂತಿಲ್ಲ ಎಂದು ಒದ್ದಾಡುತ್ತಾರಲ್ಲ, ಆ ಕವರಿನೊಳಗೆ ಇರುವವನು ನಾನೇ.

ನಾನು ಹುಟ್ಟಿದ್ದು ಎರಡು ಸಲ. ಮೊದಲನೆಯದು ಯಾವುದೋ ಕಾರ್ಖಾನೆಯಲ್ಲಿ. ಆಗ ನನ್ನ ಮೈಮೇಲೆ ಏನೂ ಇರಲಿಲ್ಲ. ನೂರಾರು ಜನ ಅಣ್ಣತಮ್ಮಂದಿರ ಜೊತೆ ಕತ್ತಲ ಪೆಟ್ಟಿಗೆಯಲ್ಲಿ ಮಲಗಿ ಹುಬ್ಬಳ್ಳಿಗೆ ಬಂದೆ. ಒಬ್ಬೊಬ್ಬರಾಗಿ ಹೊರಗೆ ಹೋದರು. ಕೆಲವರ ಮೈಮೇಲೆ ಮೊಣಕಾಲು ಮೂಡಿತು, ಕೆಲವರಿಗೆ ಬೆನ್ನುಮೂಳೆ. ನನಗೆ ತಲೆ ಬರಲಿ ಎಂದು ಆಸೆಯಿತ್ತು. ಮೊಣಕಾಲಿನ ಫಿಲ್ಮಿಗೂ ತಲೆಯ ಫಿಲ್ಮಿಗೂ ವ್ಯತ್ಯಾಸ ಇಲ್ಲವೇ? ತಲೆ ಎಂದರೆ ಮನುಷ್ಯನೇ ಬಂದ ಹಾಗೆ ಎಂದುಕೊಂಡಿದ್ದೆ. ಹುಟ್ಟುವ ಮೊದಲೇ ನನಗೆ ಜಂಬ.

ನನ್ನ ಎರಡನೇ ಹುಟ್ಟು ಹುಬ್ಬಳ್ಳಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಯಿತು. ಆ ದಿನ ಗದಗಿನಿಂದ ಮೂವರು ಬಂದಿದ್ದರು. ಮೂವತ್ತಾರು ವರ್ಷದ ದಾಕ್ಷಾಯಣಿ, ಅವಳ ಗಂಡ ಫಕ್ಕೀರೇಶ, ಅತ್ತೆ ನೀಲಗಂಗವ್ವ. ನಾನಿನ್ನೂ ಪೆಟ್ಟಿಗೆಯಲ್ಲೇ ಇದ್ದೆ. ಆದ್ದರಿಂದ ಅವರನ್ನು ನೋಡಲಿಲ್ಲ, ಮಾತು ಮಾತ್ರ ಕೇಳಿಸಿತು.

"ಮೈಮ್ಯಾಲೆ ಲೋಹದ್ದು ಏನೂ ಇರಬಾರದ್ರಿ. ತಾಳಿ, ಕಾಲುಂಗರ, ಹೇರ್‌ಪಿನ್ನು ಎಲ್ಲಾ ತಗೀರಿ" ಎಂದ ಟೆಕ್ನಿಷಿಯನ್ ಇರ್ಫಾನ್.

"ತಾಳಿ ತಗದ್ರ ಹೆಂಗೋ ಯಪ್ಪಾ? ಗಂಡ ಮುಂದ ನಿಂತಾನ" ಎಂದಳು ನೀಲಗಂಗವ್ವ.

"ತಗೀಲಿಲ್ಲಂದ್ರ ಒಳಗ ಬಿಡಾಕ ಬರಂಗಿಲ್ಲ ಅಮ್ಮಾ. ಮಷೀನು ಎಳಕೋತೈತಿ."

ಮುದುಕಿ ಮಗನನ್ನು ಎದುರಿನ ಕಿರಾಣಿ ಅಂಗಡಿಗೆ ಅಟ್ಟಿದಳು. ಅವನು ಅರಿಶಿನದ ಕೊಂಬನ್ನೂ ದಾರದ ಉಂಡೆಯನ್ನೂ ತಂದ. ಕೊಂಬು ಕಟ್ಟಿದ ದಾರ ಸೊಸೆಯ ಕೊರಳಿಗೆ ಬಿದ್ದ ಮೇಲೆಯೇ ತಾಳಿ ಹೊರಗೆ ಬಂತು. ಇದಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಿತು. ಇರ್ಫಾನ್ ಆಮೇಲೆ ತನ್ನ ಜೊತೆಯವನಿಗೆ ಹೇಳುತ್ತಿದ್ದ: ಅಷ್ಟು ಹೊತ್ತೂ ಆ ಹೆಂಗಸು ತಾಳಿ ತೆಗೆಯಲೆಂದು ಬಗ್ಗಿಸಿದ ಕುತ್ತಿಗೆಯನ್ನು ಎತ್ತಲೇ ಇಲ್ಲವಂತೆ. ಎತ್ತು ಎಂದು ಯಾರೂ ಹೇಳಿರಲಿಲ್ಲ.

ಆ ಮಷೀನಿನ ಸದ್ದು ನಿಮಗೆ ಗೊತ್ತಿಲ್ಲದಿದ್ದರೆ ಒಳ್ಳೆಯದು. ತಗಡಿನ ಮೇಲೆ ಸುತ್ತಿಗೆಯಿಂದ ಬಡಿದ ಹಾಗಿರುತ್ತದೆ. ಒಳಗೆ ಹೋದವರು ಕಾಲು ಆಡಿಸುತ್ತಾರೆ, ಉಗುಳು ನುಂಗುತ್ತಾರೆ, ಕೆಲವರು ಅಳುತ್ತಾರೆ. ಅಲ್ಲಾಡಿದರೆ ಚಿತ್ರ ಮಸುಕಾಗುತ್ತದೆ. ದಾಕ್ಷಾಯಣಿ ಇಪ್ಪತ್ತೈದು ನಿಮಿಷ ಅಲ್ಲಾಡಲಿಲ್ಲ.

"ಇಷ್ಟು ಸುಮ್ನ ಮಲಗಿದ ಪೇಷಂಟ್ ನಾ ನೋಡೇ ಇಲ್ಲ" ಎಂದು ಇರ್ಫಾನ್ ಹೊಗಳಿದ.

ಆಮೇಲೆ ಪ್ರಿಂಟರಿನ ಬಿಸಿ ನನ್ನ ಮೈಮೇಲೆ ಹಾಯಿತು. ಹೊರಗೆ ಬಂದಾಗ ನನ್ನ ಮೇಲೆ ದಾಕ್ಷಾಯಣಿಯ ತಲೆ ಇತ್ತು. ಒಂದಲ್ಲ, ಇಪ್ಪತ್ತು. ನಾಲ್ಕು ಸಾಲು, ಸಾಲಿಗೆ ಐದು. ಮೇಲಿಂದ ಕೆಳಗೆ ಹೋಳು ಹೋಳಾಗಿ ಕತ್ತರಿಸಿ ಇಟ್ಟಂತೆ ಅವಳ ಮೆದುಳು. ಗೆರೆಗಳು ಅದೆಷ್ಟು ಚೂಪಾಗಿದ್ದವು! ನನ್ನ ಪೆಟ್ಟಿಗೆಯ ಯಾವ ಅಣ್ಣತಮ್ಮನ ಮೇಲೂ ಅಷ್ಟು ಸ್ಪಷ್ಟವಾದ ಚಿತ್ರ ಮೂಡಿರಲಿಲ್ಲ. ನನಗೆ ಹೆಮ್ಮೆಯಾಯಿತು. ಅಲ್ಲಾಡಬೇಕು ಎಂದು ಅನ್ನಿಸುವುದೇ ನಿಂತುಹೋಗಿತ್ತು ಅವಳಿಗೆ, ಅದಕ್ಕೇ ನಾನು ಇಷ್ಟು ಚೆನ್ನಾಗಿ ಬಂದಿದ್ದೇನೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ನಾನು ಹೋಗಬೇಕಾಗಿದ್ದುದು ಒಬ್ಬರ ಬಳಿಗೆ. ಗದಗಿನಲ್ಲಿ ಮನಸ್ಸಿನ ಕಾಯಿಲೆಗೆ ಔಷಧಿ ಕೊಡುವ ಡಾಕ್ಟರ್ ಸಬಿಹಾ ಎಂಬವರಿದ್ದಾರೆ. ಹದಿನೈದು ದಿನದ ಹಿಂದೆ ಅವರೇ ದಾಕ್ಷಾಯಣಿಯನ್ನು ನೋಡಿ, ಗುಳಿಗೆ ಬರೆದು, ತಲೆನೋವು ಮತ್ತು ಮರೆವು ಇದೆ ಎನ್ನುತ್ತೀರಿ, ಒಂದು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಕೊಟ್ಟಿದ್ದರು. ಆ ಚೀಟಿ ನನ್ನ ಕವರಿಗೆ ಪಿನ್ ಆಗಿತ್ತು. ದಾರಿ ಸರಳ. ಹುಬ್ಬಳ್ಳಿಯಿಂದ ಗದಗಿಗೆ ಒಂದೂವರೆ ತಾಸು, ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಹತ್ತು ನಿಮಿಷ. ನನಗೆ ಎಂಟು ತಿಂಗಳು ಹಿಡಿಯಿತು.

ತಪ್ಪಿದ್ದು ಕೌಂಟರಿನಲ್ಲೇ. ಫಕ್ಕೀರೇಶ ಕವರು ಇಸಿದುಕೊಳ್ಳುವಾಗ ಕೇಳಿದ, "ಏನ್ ಬಂದೈತ್ರಿ ಇದ್ರಾಗ?"

"ನಾರ್ಮಲ್ ಐತ್ರಿ. ಏನೂ ಇಲ್ಲ. ಡಾಕ್ಟರಿಗೆ ತೋರಸ್ರಿ" ಎಂದ ಇರ್ಫಾನ್.

ಮೂರು ಮಾತು ಹೇಳಿದ. ಅವರು ಎರಡನ್ನು ಕೇಳಿಸಿಕೊಂಡರು.

ಫಕ್ಕೀರೇಶನ ಬಗ್ಗೆ ಹೇಳಬೇಕು. ಅವನು ಕೆಟ್ಟವನಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹದಿನಾರು ವರ್ಷದ ಸರ್ವಿಸ್. ಅಲ್ಲಿನ ರೀತಿ ಹೀಗೆ: ಸಂಜೆ ಗಾಡಿ ತಂದ ಡ್ರೈವರು ಏನು ತೊಂದರೆ ಇದೆ ಎಂದು ಪುಸ್ತಕದಲ್ಲಿ ಬರೆಯುತ್ತಾನೆ. ಮೆಕ್ಯಾನಿಕ್ ಬಿಚ್ಚಿ ನೋಡುತ್ತಾನೆ. ಕೆಟ್ಟ ಭಾಗ ಸಿಕ್ಕರೆ ಬದಲಿಸುತ್ತಾನೆ. ಸಿಗದಿದ್ದರೆ 'ಚೆಕ್ ಮಾಡಿದೆ, ಓಕೆ' ಎಂದು ಬರೆದು ಸಹಿ ಹಾಕುತ್ತಾನೆ. ಸಹಿ ಬಿದ್ದ ಮೇಲೆ ಗಾಡಿ ಮರುದಿನ ರೂಟಿಗೆ ಹೊರಡಲೇಬೇಕು. ಮತ್ತೆ ಡ್ರೈವರು ಗೊಣಗಿದರೆ, ಅವನಿಗೆ ಕೆಲಸ ಮಾಡಲು ಮನಸ್ಸಿಲ್ಲ ಎಂದು ಅರ್ಥ.

ಮನೆಗೆ ಬಂದು ಅವನು ನನ್ನನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಇಪ್ಪತ್ತು ಚಿತ್ರವನ್ನೂ ನೋಡಿದ. ಆಮೇಲೆ ಸಮಾಧಾನದಿಂದ ಹೇಳಿದ, "ನೋಡವ್ವಾ, ಬಿಚ್ಚಿ ನೋಡ್ಯಾರ. ಎಲ್ಲಾ ಓಕೆ ಐತಿ. ಗುಳಿಗಿ ಎದಕ್ಕ ಇನ್ನ?"

ಗುಳಿಗೆಗಳು ಅಂದೇ ನಿಂತವು. ಹದಿನೈದು ದಿನ ನುಂಗಿದರೂ ಏನೂ ಗುಣ ಕಂಡಿರಲಿಲ್ಲ ಎಂಬುದೂ ಅವನಿಗೆ ಅನುಕೂಲವಾಯಿತು. ಅಂಥ ಗುಳಿಗೆ ಹಿಡಿಯಲು ತಿಂಗಳು ಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆ ಮನೆಯಲ್ಲಿ ಮೊದಲು ಏನಿತ್ತು ಎಂಬುದನ್ನು ನಾನು ಬೇರೆಯವರ ಮಾತಿನಿಂದ ತಿಳಿದೆ. ದಾಕ್ಷಾಯಣಿ ದಿನಕ್ಕೆ ಎಂಬತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳಂತೆ. ಎರಡು ಖಾನಾವಳಿಗಳಿಗೆ ಅವಳದೇ ರೊಟ್ಟಿ. ಬೆಳಿಗ್ಗೆ ಆ ಬೀದಿಗೆ ಬಂದವರಿಗೆ ಅವಳ ಅಂಗೈಯ ಸದ್ದೇ ಗಡಿಯಾರ. ಒಂದು ದಿನ ಎಂಬತ್ತು ಅರವತ್ತಾಯಿತು. ಆಮೇಲೆ ಇಪ್ಪತ್ತು. ಆಮೇಲೆ ಹಿಟ್ಟಿನ ಮುಂದೆ ಕುಳಿತು ಸುಮ್ಮನೆ ಹಿಟ್ಟನ್ನೇ ನೋಡತೊಡಗಿದಳು. ಯಾರೂ ಸತ್ತಿರಲಿಲ್ಲ, ಜಗಳವಾಗಿರಲಿಲ್ಲ, ಗಂಡ ಕುಡಿಯುವವನಲ್ಲ. ಕಾರಣ ಹುಡುಕಿ ಹುಡುಕಿ ಎಲ್ಲರೂ ಸೋತರು. ಕಾರಣವಿಲ್ಲದ ನೋವನ್ನು ಜನ ಕ್ಷಮಿಸುವುದಿಲ್ಲ.

ಈಗ ನಾನು ಬಂದೆ. ನೀಲಗಂಗವ್ವ ನನ್ನನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಕವರು ಸಮೇತ ನೇತುಹಾಕಿದಳು. ಕವರಿನ ಬಾಯಿಂದ ನನ್ನ ಮೇಲಿನ ಸಾಲು ಹೊರಗೆ ಇಣುಕುತ್ತಿತ್ತು. ನೆರೆಹೊರೆಯವರು ಸೊಸೆಗೆ ಏನಾಗಿದೆ ಎಂದು ಕೇಳಿದಾಗಲೆಲ್ಲ ನನ್ನನ್ನು ಹೊರಗೆ ಎಳೆಯುತ್ತಿದ್ದಳು. ಹೆಚ್ಚಿನ ಸಲ ತಲೆಕೆಳಗಾಗಿ ಹಿಡಿಯುತ್ತಿದ್ದಳು. "ನೋಡ್ರೆವ್ವಾ, ಸಾವಿರಾರು ರೂಪಾಯಿ ಮಷೀನಿನಾಗ ಹಾಕಿ ನೋಡೇವಿ. ತಲ್ಯಾಗ ಏನೂ ಇಲ್ಲ. ಉಣವಲ್ಲಳು, ಮಾಡವಲ್ಲಳು, ಮಾತಾಡವಲ್ಲಳು. ಸೊಕ್ಕು ಅಂತಾರ ಇದಕ್ಕ."

ನೀಲಗಂಗವ್ವನಿಗೆ ಅರವತ್ತನಾಲ್ಕು ವರ್ಷ. ಮಂಡಿನೋವು. ಸೊಸೆ ಬಡಿಯುವುದು ಬಿಟ್ಟ ರೊಟ್ಟಿಗಳಲ್ಲಿ ಮನೆಗೆ ಬೇಕಾದವನ್ನು ಈಗ ಅವಳೇ ಬಡಿಯುತ್ತಿದ್ದಳು. ಏಳುವಾಗ ಗೋಡೆ ಹಿಡಿದು "ಯವ್ವಾ" ಎನ್ನುತ್ತಿದ್ದಳು. ಅವಳ ಸಿಟ್ಟು ಎಲ್ಲಿಂದ ಬರುತ್ತಿತ್ತು ಎಂದು ಮೊಳೆಯ ಮೇಲಿಂದ ನನಗೆ ಕಾಣುತ್ತಿತ್ತು.

ದಾಕ್ಷಾಯಣಿ ಎದುರಾಡುತ್ತಿರಲಿಲ್ಲ. ಹಾಸಿಗೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದಳು. ಫಕ್ಕೀರೇಶ ಕೆಲಸದಿಂದ ಬಂದು "ಏನಾಗೈತಿ ನಿನಗ? ಹೇಳರ ಹೇಳು" ಎಂದು ಕೇಳುತ್ತಿದ್ದ. ಅವಳು ಬಹಳ ಹೊತ್ತಿನ ಮೇಲೆ "ಏನೂ ಅನಸವಲ್ದು" ಎನ್ನುತ್ತಿದ್ದಳು. ಅವನು "ಏನೂ ಇಲ್ಲಂತ" ಎಂದು ತಾಯಿಗೆ ಹೇಳುತ್ತಿದ್ದ. ಪ್ರತಿ ಸಲ ಹೀಗೇ. ಅವಳು ಒಂದು ಹೇಳುತ್ತಿದ್ದಳು, ಅವನು ಇನ್ನೊಂದು ದಾಟಿಸುತ್ತಿದ್ದ. ನಾನೂ ಅದನ್ನು ಕೇಳಿ ಕೇಳಿ ಸುಮ್ಮನಾಗಿದ್ದೆ. ನನ್ನ ಕವರಿನಲ್ಲಿದ್ದ ರಿಪೋರ್ಟಿನ ಹಾಳೆಯಲ್ಲೂ 'ಏನೂ ಇಲ್ಲ' ಎಂದೇ ಬರೆದಿತ್ತಲ್ಲ.

ಅವರಿಗೆ ಒಂಬತ್ತು ವರ್ಷದ ಮಗಳಿದ್ದಾಳೆ, ಸ್ಫೂರ್ತಿ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಸ್ಟೂಲು ಹಾಕಿ ನನ್ನನ್ನು ಇಳಿಸಿದಳು. ಹಿತ್ತಲಿಗೆ ಒಯ್ದು ಬಿಸಿಲಿಗೆ ಹಿಡಿದಳು. ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಒಳಗೆ ಬಂದು ತಾಯಿಯನ್ನು ಅಲುಗಾಡಿಸಿ ಕೇಳಿದಳು, "ಅವ್ವಾ, ಇದ್ರಾಗ ನಾ ಎಲ್ಲಿ ಅದೀನಿ?"

ದಾಕ್ಷಾಯಣಿ ತಿರುಗಿ ನನ್ನನ್ನು ನೋಡಿದಳು. ನಾನು ಅವಳದೇ ತಲೆ. ಆದರೂ ನಾವಿಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು. ಅವಳ ಕಣ್ಣಿನಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸು ಹೋದ ಮೇಲೆ ಖಾಲಿ ರಸ್ತೆ ನೋಡುವ ಹಾಗೆ ನೋಡಿ, ಮತ್ತೆ ಗೋಡೆಯ ಕಡೆ ಹೊರಳಿದಳು. ಹುಡುಗಿ ನನ್ನನ್ನು ಮೊಳೆಗೆ ಹಾಕಿ ಹೋದಳು.

ನಾಲ್ಕನೇ ತಿಂಗಳಲ್ಲಿ ನಾನು ಊರು ಬಿಟ್ಟೆ. ದಾಕ್ಷಾಯಣಿಯ ಅಣ್ಣ ಚನ್ನವೀರ ಮುಂಡರಗಿಯಿಂದ ಬಂದಿದ್ದ. ತಂಗಿಯ ಮೈ ಇಳಿದದ್ದನ್ನು ನೋಡಿ ಜಗಳಕ್ಕೇ ನಿಂತ. "ನಮ್ಮ ತಂಗಿಗೆ ಹುಚ್ಚು ಹಿಡದೈತಿ ಅಂತ ಊರೆಲ್ಲಾ ಸುದ್ದಿ ಮಾಡೀರಿ" ಎಂದ.

"ಹುಚ್ಚು ಅಂತ ಯಾರಂದ್ರು? ಏನೂ ಇಲ್ಲಂತನ ನಾವೂ ಹೇಳಾಕತ್ತೇವಿ" ಎಂದು ಫಕ್ಕೀರೇಶ ನನ್ನನ್ನು ಅವನ ಕೈಗಿಟ್ಟ.

ಅಲ್ಲಿಗೆ ಜಗಳ ಮುಗಿಯಿತು. ಗಂಡನ ಮನೆಯವರಿಗೆ, ಸೊಸೆ ನಾಟಕ ಮಾಡುತ್ತಿದ್ದಾಳೆ ಎನ್ನಲು ನಾನು ಬೇಕಾಗಿದ್ದೆ. ತವರಿನವರಿಗೆ, ತಮ್ಮ ಮನೆತನದಲ್ಲಿ ಹುಚ್ಚಿಲ್ಲ ಎನ್ನಲು ನಾನು ಬೇಕಾಗಿದ್ದೆ. ಇಬ್ಬರೂ ನನ್ನನ್ನು ಹಿಡಿದುಕೊಂಡು ನಕ್ಕರು, ಚಹಾ ಕುಡಿದರು. ಆ ಹೊತ್ತಿನಲ್ಲಿ ದಾಕ್ಷಾಯಣಿ ಒಳಕೋಣೆಯಲ್ಲಿ ಮಲಗಿದ್ದಳು. ಅಣ್ಣ ಹೋಗುವಾಗ ಬಾಗಿಲಲ್ಲಿ ನಿಂತು, "ತಂಗಿ, ಧೈರ್ಯ ತಗೋ. ನಿನಗ ಏನೂ ಆಗಿಲ್ಲ" ಎಂದ. ಪ್ರೀತಿಯಿಂದಲೇ ಅಂದ.

ಚನ್ನವೀರ ನನ್ನನ್ನು ಜೊತೆಗೆ ಒಯ್ದ. ಅವನ ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಸೋದರತ್ತೆಗೆ ತಲೆ ಸರಿಯಿಲ್ಲವಂತೆ ಎಂಬ ಮಾತು ಬೀಗರಾಗುವವರ ಕಿವಿಗೆ ಬಿದ್ದಿತ್ತು. ಹೆಣ್ಣು ನೋಡುವ ದಿನ ಅವಲಕ್ಕಿ, ಬಾಳೆಹಣ್ಣಿನ ತಟ್ಟೆಗಳ ಜೊತೆ ನಾನೂ ಜಮಖಾನದ ಮೇಲೆ ಬಂದೆ. ಗಂಡಿನ ಕಡೆಯ ಹಿರಿಯರೊಬ್ಬರು ಹಿಂದೆ ಯಾವುದೋ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದವರು. ನನ್ನನ್ನು ಕಿಟಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಕ್ಲೀನ್ ಐತಿ. ಒಂದು ಚುಕ್ಕಿ ಇಲ್ಲ" ಎಂದು ತೀರ್ಪು ಕೊಟ್ಟರು. ಸಂಬಂಧ ಕುದುರಿತು. ಹುಡುಗಿಯ ಜಾತಕದ ಜೊತೆ ಸೋದರತ್ತೆಯ ಮೆದುಳೂ ಕೂಡಿಬಂದಿತು. ನಾನು ಮೂರು ತಿಂಗಳು ಚನ್ನವೀರನ ಮನೆಯ ಟ್ರಂಕಿನಲ್ಲಿ ಜರಿ ಸೀರೆಗಳ ಮೇಲೆ ಮಲಗಿದ್ದೆ. ಅಂಥ ಗೌರವ ಮತ್ತೆಲ್ಲೂ ಸಿಗಲಿಲ್ಲ. ಮದುವೆ ಮುಗಿದ ಮೇಲೆ ಚನ್ನವೀರ ನನ್ನನ್ನು ಗದಗಿಗೆ ವಾಪಸ್ ಮುಟ್ಟಿಸಿದ. ಮದುವೆಗೆ ದಾಕ್ಷಾಯಣಿ ಹೋಗಿರಲಿಲ್ಲ.

ನಾನು ಮೊಳೆಗೆ ಮರಳಿ ಹತ್ತೋ ಹನ್ನೆರಡೋ ದಿನವಾಗಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತು. ಅತ್ತೆಯ ಬೈಗುಳ ಕೇಳಿಯೋ ಏನೋ, ದಾಕ್ಷಾಯಣಿ ಎದ್ದು ಬಂದು ಒಲೆಯ ಮುಂದೆ ಕುಳಿತಳು. ರೊಟ್ಟಿಯ ಹಂಚು ಕಾದಿತ್ತು. ನೀಲಗಂಗವ್ವ ನೀರು ತರಲು ಹಿತ್ತಲಿಗೆ ಹೋಗಿದ್ದಳು. ದಾಕ್ಷಾಯಣಿ ಹಿಟ್ಟು ಮುಟ್ಟಲಿಲ್ಲ. ಬಲ ಅಂಗೈಯನ್ನು ಹಂಚಿನ ಮೇಲೆ ಇಟ್ಟಳು. ಇಟ್ಟು, ತೆಗೆಯಲಿಲ್ಲ.

ನಾನು ಎಲ್ಲವನ್ನೂ ನೋಡಿದೆ. ಕೂಗಲು ನನಗೆ ಬಾಯಿಲ್ಲ. ಅವಳು ಬಾಯಿದ್ದೂ ಕೂಗಲಿಲ್ಲ. ವಾಸನೆಗೆ ಅತ್ತೆ ಕೊಡ ಬಿಸಾಕಿ ಓಡಿಬಂದಳು. ಕೈ ಕಿತ್ತು ನೀರಿಗೆ ಅದ್ದಿ, "ಏನ್ ಮಾಡಿಕೊಂಡೆವ್ವಾ! ಯಾಕ ಮಾಡಿದಿ!" ಎಂದು ಬಾಯಿ ಬಡಿದುಕೊಂಡಳು.

"ಏನರ ಅನಸ್ತೈತೇನು ನೋಡಿದೆ ಅತ್ತಿ" ಎಂದಳು ದಾಕ್ಷಾಯಣಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಈ ಮನೆಯಲ್ಲಿ ಬೇಕಾಗಿತ್ತು. ಅಂಗೈಯಲ್ಲಿ ನಿಜವಾಗಿ ಹುಣ್ಣಾಗುವ ತನಕ ಎಲ್ಲರೂ ಕನ್ನಡಿಯನ್ನೇ ನೋಡುತ್ತ ಕುಳಿತಿದ್ದರು. ಆ ಕನ್ನಡಿ ನಾನು. ಎಂಟು ತಿಂಗಳಲ್ಲಿ ಮೊದಲ ಸಲ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಕೈಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ ಆಸ್ಪತ್ರೆಯ ಡಾಕ್ಟರು, ಸುಟ್ಟದ್ದು ಹೇಗೆ ಎಂದು ಕೇಳಿ, ಉತ್ತರ ಕೇಳಿ, ನೇರವಾಗಿ ಡಾಕ್ಟರ್ ಸಬಿಹಾ ಅವರ ಕೋಣೆಗೆ ಕಳಿಸಿದರು. ಫಕ್ಕೀರೇಶ ಅಷ್ಟರಲ್ಲಿ ಮನೆಗೆ ಹೋಗಿ ನನ್ನನ್ನು ತಂದಿದ್ದ. ತಲೆ ಸರಿಯಿದೆ ಎಂಬುದಕ್ಕೆ ಅವನ ಬಳಿ ಇದ್ದ ಸಾಕ್ಷಿ ನಾನೊಬ್ಬನೇ.

ಡಾಕ್ಟರ್ ಸಬಿಹಾ ಹಳೆಯ ಚೀಟಿಯ ತಾರೀಖು ನೋಡಿದರು. "ಎಂಟ ತಿಂಗಳಾತಲ್ರಿ. ಹದಿನೈದ ದಿನಕ್ಕ ಬರ್ರಿ ಅಂದಿದ್ದೆ."

"ಮೇಡಂ, ಇದ್ರಾಗ ಏನೂ ಇಲ್ಲ ಅಂತ ಬಂತ್ರಿ. ಅದಕ್ಕ ಬರಲಿಲ್ಲ. ಮೊದಲ ಇದನ್ನ ನೋಡ್ರಿ" ಎಂದ ಫಕ್ಕೀರೇಶ.

ಅವರು ನನ್ನನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ಹಿಂದಿನಿಂದ ಬಿಳಿ ಬೆಳಕು ಬಂತು. ಇಂಥ ಬೆಳಕಿನ ಮುಂದೆ ನಿಲ್ಲಲೆಂದೇ ನಮ್ಮ ಜಾತಿ ಹುಟ್ಟುವುದು. ಈಗ ಇವರು ನನ್ನ ಒಂದೊಂದು ಗೆರೆಯನ್ನೂ ಓದುತ್ತಾರೆ, ಏನೋ ಒಂದನ್ನು ಹಿಡಿಯುತ್ತಾರೆ ಎಂದು ಕಾದೆ. ಅವರು ಅರ್ಧ ನಿಮಿಷ ನೋಡಿದರು. "ಹೂಂ. ಗಡ್ಡಿ ಇಲ್ಲ, ರಕ್ತಸ್ರಾವ ಇಲ್ಲ. ಛಲೋ ಆತು" ಎಂದು ಸ್ವಿಚ್ ಆರಿಸಿದರು.

ಅಷ್ಟೇ. ಆಮೇಲೆ ಮುಕ್ಕಾಲು ಗಂಟೆ ಅವರು ನನ್ನ ಕಡೆ ತಿರುಗಲಿಲ್ಲ. ಕುರ್ಚಿಯನ್ನು ದಾಕ್ಷಾಯಣಿಯ ಹತ್ತಿರಕ್ಕೆ ಎಳೆದುಕೊಂಡರು.

"ದಾಕ್ಷಾಯಣಿಯವರ, ಊಟ ಹೆಂಗ ಐತ್ರಿ?"

"ಉಣವಲ್ಲಳ್ರಿ" ಎಂದಳು ನೀಲಗಂಗವ್ವ.

"ಅವರ ಹೇಳಲಿ ಅಮ್ಮಾ. ನಾ ಕಾಯ್ತೀನಿ."

ಕಾದರು. ನಮ್ಮ ಮನೆಯಲ್ಲಿ ಯಾರೂ ಅಷ್ಟು ಹೊತ್ತು ಕಾದಿರಲಿಲ್ಲ. ಕೊನೆಗೆ ದಾಕ್ಷಾಯಣಿ, "ಗಂಟಲದಾಗ ಇಳೀವಲ್ದು" ಎಂದಳು.

"ನಿದ್ದಿ?"

"ಮಲಗವಲ್ಲಳ್ರಿ, ಕಣ್ ತಕ್ಕೊಂಡ ಬಿದ್ದಿರ್ತಾಳ" ಎಂದು ಅತ್ತೆ ತಡೆಯಲಾರದೆ ಅಂದಳು.

"ಬರವಲ್ದು" ಎಂದಳು ದಾಕ್ಷಾಯಣಿ.

"ಕೆಲಸ?"

"ಕೈ ಏಳವಲ್ದು."

"ಮನಸಿಗೆ ಏನ ಅನಸ್ತೈತ್ರಿ?"

"ಏನೂ ಅನಸವಲ್ದು. ಮಗಳನ್ನ ನೋಡಿದ್ರೂ ಅನಸವಲ್ದು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಫಕ್ಕೀರೇಶನ ಕಡೆ ತಿರುಗಿದರು. "ಕೇಳಿದ್ರೇನು? ನಿಮ್ಮವ್ವಾರು ಎಲ್ಲಾದಕ್ಕೂ 'ವಲ್ಲಳು' ಅಂದ್ರು. ಇವರು ಎಲ್ಲಾದಕ್ಕೂ 'ವಲ್ದು' ಅಂದ್ರು. ನೀವು ಇದ ಊರಾಗ ಹುಟ್ಟಿದವ್ರು. ಎರಡೂ ಒಂದ ಏನ್ರಿ?"

ಈ ಕಡೆಯ ಚಿಕ್ಕ ಮಗುವಿಗೂ ಆ ವ್ಯತ್ಯಾಸ ಗೊತ್ತು. 'ವಲ್ಲೆ' ಎಂದರೆ ನಾನು ಮಾಡುವುದಿಲ್ಲ, ನನಗೆ ಇಷ್ಟವಿಲ್ಲ; 'ವಲ್ಲಳು' ಎಂದರೆ ಅವಳಿಗೆ ಇಷ್ಟವಿಲ್ಲ. 'ವಲ್ದು' ಎಂದರೆ ನಾನು ಮಾಡಲು ಹೊರಟರೂ ಅದು ಆಗುತ್ತಿಲ್ಲ, ಅದು ಬರುತ್ತಿಲ್ಲ. ಒಂದು ಸೊಕ್ಕು, ಇನ್ನೊಂದು ಸಂಕಟ. ಅವಳು ಮೊದಲ ದಿನದಿಂದಲೂ ಸಂಕಟವನ್ನೇ ಹೇಳಿದ್ದಳು. ಮನೆಯವರು ಅದನ್ನು ಸೊಕ್ಕಿನ ಮಾತಾಗಿ ತಿರುಗಿಸಿಕೊಂಡಿದ್ದರು.

"ಹಂಗಾದ್ರ ಈ ಫೋಟೋ ಎದಕ್ಕ ತೆಗಸಿದ್ರಿ ಮೇಡಂ?" ಎಂದ ಫಕ್ಕೀರೇಶ. ಜಗಳದ ದನಿಯಲ್ಲ, ಸೋತ ದನಿ.

"ತಲ್ಯಾಗ ಗಡ್ಡಿ ಗಿಡ್ಡಿ ಇದ್ದರೂ ಮನಷ್ಯಾರು ಹಿಂಗ ಮಂಕಾಗ್ತಾರ್ರಿ. ಅದು ಇದ್ರ ನನ್ನ ಗುಳಿಗಿಲೆ ಹೋಗಂಗಿಲ್ಲ. ಅದು ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಾಕ ತೆಗಸಿದೆ. ಈ ಬ್ಯಾನಿ ಅದರಾಗ ಕಾಣೂದಲ್ಲ."

"ಮತ್ತ ಯಾವ ಮಷೀನಿನಾಗ ಕಾಣ್ತೈತ್ರಿ? ಬೆಂಗಳೂರಿಗೆ ಬೇಕಾರ ಕರ್ಕೊಂಡ ಹೋಗ್ತೀನಿ."

"ಯಾವುದರಾಗೂ ಇಲ್ರಿ. ಅವರು ಹೇಳಬೇಕು, ನಾವು ಕೇಳಬೇಕು."

"ಅಂದ್ರ ಆಕಿ ಮಾತ ನಂಬಬೇಕು."

"ಹೌದು. ಅದ ಬಿಟ್ಟು ನನಗೂ ಬ್ಯಾರೆ ದಾರಿ ಇಲ್ಲ."

ಫಕ್ಕೀರೇಶ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನಲ್ಲಿ ಆಯಿಲ್ ಕಪ್ಪು ಇತ್ತು. "ನಮ್ಮಲ್ಲಿ ಒಬ್ಬ ಡ್ರೈವರ್ ಅದಾನ್ರಿ" ಎಂದ ಮೆಲ್ಲಗೆ. "ಗಾಡಿ ಏರು ಎಳೀವಲ್ದು ಅಂತ ಮೂರು ಸಲ ಬರದ. ನಿಂತ ಗಾಡ್ಯಾಗ ನನಗ ಏನೂ ಸಿಗಲಿಲ್ಲ. ಮೂರು ಸಲನೂ ಓಕೆ ಬರದೆ. ನಾಕನೇ ಸಲ ಅವನ ಬಾಜೂಕ ಕುಂತು ಏರಿಗೆ ಹೋದ ಮ್ಯಾಲೆ ಗೊತ್ತಾತು, ಅಂವ ಖರೇನ ಹೇಳಿದ್ದ ಅಂತ." ಹೆಂಡತಿಯ ಕಡೆ ತಿರುಗಿ, "ಗಾಡಿ 'ವಲ್ದು' ಅಂದ್ರ ನಾಕನೇ ಸಲಕ್ಕರ ನಂಬಿದೆ ನಾ" ಎಂದ.

ಅವನು ಅತ್ತ. ಡಾಕ್ಟರು ನೀರಿನ ಲೋಟ ಅವನ ಮುಂದಿಟ್ಟರು. ನೀಲಗಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸೊಸೆಯ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದಳು. ದಾಕ್ಷಾಯಣಿ ಮಾತ್ರ ಅಳಲಿಲ್ಲ. ತನ್ನ 'ವಲ್ದು' ಒಬ್ಬರಿಗೆ ತಲುಪಿತು ಎಂಬುದೂ ಅವಳಿಗೆ ಆಗ ತಲುಪಲಿಲ್ಲ. ಕಾಯಿಲೆ ಅಷ್ಟು ಒಳಗಿತ್ತು.

ನಾಲ್ಕು ದಿನ ಅವಳನ್ನು ಅಲ್ಲೇ ಇರಿಸಿಕೊಂಡರು. ಬಿಟ್ಟು ಕಳಿಸುವಾಗ ಹೇಳಿದರು: ಒಬ್ಬಳನ್ನೇ ಬಿಡಬೇಡಿ, ಗುಳಿಗೆಯನ್ನು ನಾನು ಹೇಳುವ ತನಕ ನಿಲ್ಲಿಸಬೇಡಿ, ಗುಣ ಕಾಣಲು ಆರು ವಾರವಾದರೂ ಬೇಕು, ಅವರು ದಿನಾ ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದಿಡಿ. ಫಕ್ಕೀರೇಶ ನನ್ನನ್ನು ತೋರಿಸಿ, "ಇದನ್ನ ಏನ್ ಮಾಡಬೇಕ್ರಿ?" ಎಂದು ಕೇಳಿದ.

"ರಿಪೋರ್ಟಿನ ಹಾಳಿ ಫೈಲಿನಾಗ ಇಟ್ಟೀನಿ. ಇದನ್ನ ಮನ್ಯಾಗ ಇಟ್ಕೋರಿ. ಯಾರಿಗೂ ತೋರಸೂದ ಮಾತ್ರ ಬ್ಯಾಡ."

ನೀಲಗಂಗವ್ವ ನನ್ನನ್ನು ಮತ್ತೆ ಮೊಳೆಗೆ ಹಾಕಲಿಲ್ಲ. ಅಡುಗೆಮನೆಯ ಕಿಟಕಿಯ ಒಂದು ಗಾಜು ಒಡೆದು ಬೆಕ್ಕು ಹಾಲಿಗೆ ಬರುತ್ತಿತ್ತು. ನನ್ನನ್ನು ಅಲ್ಲಿ ಇಟ್ಟು ಸುತ್ತಲೂ ಟೇಪು ಅಂಟಿಸಿದಳು. ಈಗ ಅದೇ ನನ್ನ ಜಾಗ. ಬೆಕ್ಕು ಒಮ್ಮೆ ಬಂದು ನನ್ನನ್ನು ಮೂಸಿ ಹೋಯಿತು. ಮತ್ತೆ ಬರಲಿಲ್ಲ. ನನ್ನಿಂದ ಒಂದು ಉಪಯೋಗ ಆಯಿತು ಎಂದುಕೊಂಡೆ.

ಕಿಟಕಿಯಿಂದ ನನಗೆ ಒಳಗಿನದು ಚೆನ್ನಾಗಿ ಕಾಣುತ್ತದೆ. ಫಕ್ಕೀರೇಶ ಇನ್ನೂರು ಪುಟದ ನೋಟ್‌ಬುಕ್ ತಂದ. ದಿನಾ ಸಂಜೆ ಡ್ಯೂಟಿಯಿಂದ ಬಂದು, ಕೈ ತೊಳೆದು, ಹೆಂಡತಿಯ ಪಕ್ಕ ನೆಲದ ಮೇಲೆ ಕೂರುತ್ತಿದ್ದ. "ಇವತ್ತ ಹೆಂಗ ಐತಿ?" ಎಂದು ಕೇಳಿ ಕಾಯುತ್ತಿದ್ದ. ಕಾಯುವುದು ಅವನಿಗೆ ಸುಲಭವಿರಲಿಲ್ಲ. ಕಾಲು ಕುಣಿಸುತ್ತಿದ್ದ, ಪೆನ್ನಿನ ಟೋಪಿ ತಿರುವುತ್ತಿದ್ದ. ಅವಳು ಕೊನೆಗೆ "ಏನೂ ಅನಸವಲ್ದು" ಎನ್ನುತ್ತಿದ್ದಳು. ಅವನು ತಾರೀಖು ಹಾಕಿ ಅದನ್ನೇ ಬರೆಯುತ್ತಿದ್ದ. ಮರುದಿನವೂ ಅದೇ. ಅದರ ಮರುದಿನವೂ ಅದೇ. ಮೇಲಿನ ಸಾಲಿನ ಕೆಳಗೆ 'ಅದೇ' ಎಂಬ ಗುರುತಿಗೆ ಎರಡು ಚುಕ್ಕೆ ಹಾಕಿ ಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರತಿ ದಿನ ಪೂರ್ತಿ ಬರೆದ.

ಒಂದು ತಿಂಗಳಾಯಿತು. ನಿದ್ದೆ ತುಸು ಬಂತು, ಎರಡು ತುತ್ತು ಹೆಚ್ಚು ಇಳಿಯಿತು. ಬಾಯಿ ಒಣಗುತ್ತದೆ ಎಂದಳು, ಅದನ್ನೂ ಬರೆದ. ಅನ್ನಿಸುವುದು ಮಾತ್ರ ಬರಲಿಲ್ಲ. ಐದನೇ ವಾರದಲ್ಲಿ ಅವನು ಒಂದು ಸಲ ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದ. ಏನಾದರೂ ಹೇಳು ಎಂಬಂತೆ ನೋಡಿದ. ನಾನು ಏನು ಹೇಳಲಿ? ನನ್ನಲ್ಲಿ ಇಪ್ಪತ್ತು ಚಿತ್ರಗಳಿವೆ, ಒಂದರಲ್ಲೂ ಅವಳಿಲ್ಲ.

ನನಗೂ ವಯಸ್ಸಾಗುತ್ತಿದೆ. ನಮ್ಮಂಥವರಿಗೆ ಬಿಸಿಲೂ ಬಿಸಿಯೂ ಆಗಿಬರುವುದಿಲ್ಲ. ಒಲೆಯ ಕಾವಿಗೆ, ಮಧ್ಯಾಹ್ನದ ಬಿಸಿಲಿಗೆ ಮೈ ದಿನದಿಂದ ದಿನಕ್ಕೆ ಕಪ್ಪಾಗುತ್ತಿದೆ. ಕೆಳಗಿನ ಸಾಲಿನ ಐದು ಚಿತ್ರಗಳು ಆಗಲೇ ಮುಳುಗಿವೆ. ಮೊದಲಾಗಿದ್ದರೆ ಸಂಕಟವಾಗುತ್ತಿತ್ತೇನೋ. ಈಗ ಏನೂ ಆಗುವುದಿಲ್ಲ.

ನಲವತ್ತೇಳನೇ ದಿನ ಸಂಜೆ ಐದೂವರೆಗೆ ನೀಲಗಂಗವ್ವ ಎಲ್ಲರಿಗೂ ಚಹಾ ಕೊಟ್ಟಳು. ಸ್ಫೂರ್ತಿ ಶಾಲೆಯ ಬಟ್ಟೆಯಲ್ಲೇ ಮೂಲೆಯಲ್ಲಿ ಕುಳಿತು ಮಗ್ಗಿ ಬರೆಯುತ್ತಿದ್ದಳು. ಫಕ್ಕೀರೇಶ ಪುಸ್ತಕ ಬಿಚ್ಚಿ, ತಾರೀಖು ಹಾಕಿ, ಎಂದಿನಂತೆ ಕೇಳಿದ. ದಾಕ್ಷಾಯಣಿ ಎಡಗೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದಳು. ಮುಖ ಸ್ವಲ್ಪ ಹಿಂಡಿದಳು.

"ಚಾದಾಗ ಸಕ್ಕರಿ ಕಡಿಮಿ ಅನಸ್ತು" ಎಂದಳು.

"ದಿನಾ ಹಾಕಿದಷ್ಟ ಹಾಕೀನಿ..." ಎಂದು ನೀಲಗಂಗವ್ವ ಸಿಡುಕಲು ಬಾಯಿ ತೆಗೆದವಳು ಅಲ್ಲಿಗೇ ನಿಂತಳು. ಗೋಡೆ ಹಿಡಿಯದೆ ಎದ್ದಳು. ಸಕ್ಕರೆ ಡಬ್ಬಿಯನ್ನು ತಂದು ಸೊಸೆಯ ಲೋಟಕ್ಕೆ ಒಂದು ಚಮಚ ಹಾಕಿ ತಿರುವಿದಳು. "ಈಗ ನೋಡವ್ವಾ" ಎಂದಳು.

ದಾಕ್ಷಾಯಣಿ ಮತ್ತೆ ಕುಡಿದಳು. "ಹೂಂ" ಎಂದಳು.

ಫಕ್ಕೀರೇಶ ಪೆನ್ನು ಹಿಡಿದಿದ್ದ. ಆಮೇಲೆ ಒಂದೊಂದೇ ಅಕ್ಷರ ಬರೆದ, ಬರೆದದ್ದನ್ನು ತುಟಿ ಆಡಿಸುತ್ತ ಎರಡು ಸಲ ಓದಿಕೊಂಡ.

ಆ ಸಂಜೆ ಅವಳನ್ನು ಮತ್ತೆ ಹುಬ್ಬಳ್ಳಿಗೆ ಕರೆದೊಯ್ದು ಆ ಮಷೀನಿನೊಳಗೆ ಮಲಗಿಸಿ ಇನ್ನೊಂದು ಫಿಲ್ಮ್ ತೆಗೆಸಿದ್ದರೆ, ಅದು ಬಹುಶಃ ನನ್ನ ಹಾಗೇ ಇರುತ್ತಿತ್ತು. ಎಷ್ಟು ಹುಡುಕಿದರೂ ಒಂದು ಗೆರೆಯ ವ್ಯತ್ಯಾಸ ಸಿಗುತ್ತಿರಲಿಲ್ಲ.